ಹಾವಿನ ವಿಷಕ್ಕೆ ಬೇರು, ಬೀಜದ ಮದ್ದು: ಪ್ರಯೋಗಾಲಯ ಕಂಡದ್ದೇನು, ಕಾಣದ್ದೇನು?

ಗುಬ್ಬಿ ಕಡೆಯ ತೆಂಗು, ಅಡಿಕೆ ತೋಟಗಳಲ್ಲಿ ಒಣಗರಿ ಮತ್ತು ತೆಂಗಿನ ಮಟ್ಟೆಗಳ ರಾಶಿ ಬಿದ್ದಿರುತ್ತದೆ. ಕುಣಿಗಲ್ ಕಡೆಯ ಹೊಲಗಳಲ್ಲಿ ರಾಗಿ ಕೊಯ್ದು ಮೆದೆ ಹಾಕಿರುತ್ತಾರೆ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಬಗ್ಗಿ ಕುಡುಗೋಲು ಹಾಕುವವರ ಕೈಗೋ ಬರಿಗಾಲಲ್ಲಿ ಬದು ದಾಟುವವರ ಕಾಲಿಗೋ ಹಾವು ಕಚ್ಚಿದರೆ ಮನೆಯವರ ಮುಂದೆ ಎರಡು ದಾರಿ ಇರುತ್ತವೆ. ಒಂದು ಆಸ್ಪತ್ರೆಯದು. ಇನ್ನೊಂದು, ಬೇರು ಅರೆದು ಕುಡಿಸುವ ಅಥವಾ ಗಾಯಕ್ಕೆ ಹುಣಸೆ ಬೀಜ ಅಂಟಿಸುವ ನಾಟಿ ವೈದ್ಯರ ಮನೆಯದು.

ಎರಡನೆಯ ದಾರಿ ಹಿಡಿಯುವವರ ಬಾಯಲ್ಲಿ ಈಗ ಹೊಸದೊಂದು ಮಾತಿದೆ: ‘ಇದು ಮೂಢನಂಬಿಕೆ ಅಲ್ಲ, ನಮ್ಮ ವಿಜ್ಞಾನಿಗಳೇ ಪರೀಕ್ಷೆ ಮಾಡಿ ಒಪ್ಪಿದ್ದಾರೆ.’ ಮಾತಿನ ಮೊದಲರ್ಧದಲ್ಲಿ ಸತ್ಯಾಂಶವಿದೆ. ಮೈಸೂರು ಮತ್ತು ತುಮಕೂರಿನ ಜೀವರಸಾಯನ ವಿಜ್ಞಾನಿಗಳು ನಲವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ವಿಷಯದ ಮೇಲೆ ಕೆಲಸ ಮಾಡಿದ್ದಾರೆ. ಕೆಲವು ಗಿಡಗಳ ಸಾರ ಹಾವಿನ ವಿಷದ ಕೆಲವು ಅಂಶಗಳನ್ನು ತಡೆಯುತ್ತದೆ ಎಂದು ತೋರಿಸಿಯೂ ಇದ್ದಾರೆ. ಆದರೆ ‘ಆದ್ದರಿಂದ ಹಾವು ಕಚ್ಚಿದಾಗ ಆ ಬೇರು ಸಾಕು’ ಎಂಬ ತೀರ್ಮಾನ ಆ ಸಂಶೋಧನೆಯಿಂದ ಹೊರಡುವುದಿಲ್ಲ. ಅದು ಏಕೆ ಎಂದು ತಿಳಿಯಲು ಆ ಸಂಶೋಧನೆಯ ಜಾಡನ್ನೇ ಹಿಡಿದು ಹೋಗೋಣ.

ಹಾವಿನ ವಿಷ ಎಂದರೆ ಏನು?

ಹಾವಿನ ವಿಷ ಒಂದೇ ವಸ್ತುವಲ್ಲ. ಅದು ಹತ್ತಾರು ಪ್ರೋಟೀನುಗಳ ಮಿಶ್ರಣ. ಅವುಗಳಲ್ಲಿ ಬಹಳಷ್ಟು ಕಿಣ್ವಗಳು, ಅಂದರೆ ಎಂಜೈಮುಗಳು. ಕಿಣ್ವಗಳು ನಮ್ಮ ದೇಹದಲ್ಲೂ ಇವೆ. ನಾವು ತಿಂದ ಮುದ್ದೆಯ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದು ಜೊಲ್ಲಿನ ಮತ್ತು ಕರುಳಿನ ಕಿಣ್ವಗಳೇ. ಹಾವಿನ ವಿಷದ ಕಿಣ್ವಗಳೂ ಹೀಗೆ ಒಡೆಯುವ ಕೆಲಸದವೇ. ಆದರೆ ಅವು ಒಡೆಯುವುದು ಕಚ್ಚಿಸಿಕೊಂಡವರ ಮಾಂಸ, ರಕ್ತನಾಳ ಮತ್ತು ನರಗಳನ್ನು.

ಇವುಗಳಲ್ಲಿ ಮೂರು ಬಗೆಯವು ನಮ್ಮ ಕಥೆಗೆ ಮುಖ್ಯ. ಮೊದಲನೆಯದು ಫಾಸ್ಫೊಲೈಪೇಸ್ ಎ2. ಜೀವಕೋಶದ ಹೊರಪೊರೆ ಕೊಬ್ಬಿನಂಥ ಅಣುಗಳಿಂದ ಆಗಿದೆ. ಈ ಕಿಣ್ವ ಆ ಅಣುಗಳನ್ನು ಕತ್ತರಿಸುತ್ತದೆ. ಎರಡನೆಯದು ಹಯಲುರೊನಿಡೇಸ್. ಇಟ್ಟಿಗೆಗಳ ನಡುವೆ ಗಾರೆ ಇರುವಂತೆ ಜೀವಕೋಶಗಳ ನಡುವೆ ಹಯಲುರೊನನ್ ಎಂಬ ಅಂಟು ಇರುತ್ತದೆ. ಈ ಕಿಣ್ವ ಆ ಅಂಟನ್ನು ಕರಗಿಸಿ ವಿಷ ಹರಡಲು ದಾರಿ ಬಿಡಿಸುತ್ತದೆ. ಮೂರನೆಯದು ಲೋಹದ ಅಯಾನು ಇಟ್ಟುಕೊಂಡು ಪ್ರೋಟೀನುಗಳನ್ನು ಕತ್ತರಿಸುವ ಮೆಟಲೊಪ್ರೋಟಿಯೇಸ್. ಮಂಡಲದ ಹಾವುಗಳ ವಿಷದಲ್ಲಿ ಇದು ಹೆಚ್ಚು. ಇದು ರಕ್ತನಾಳಗಳ ಗೋಡೆಯನ್ನೇ ಕೊರೆಯುತ್ತದೆ.

ಇವಲ್ಲದೆ ಕಿಣ್ವಗಳಲ್ಲದ ವಿಷಪ್ರೋಟೀನುಗಳೂ ಇವೆ. ನಾಗರಹಾವಿನ ವಿಷದಲ್ಲಿರುವ ಪುಟ್ಟ ಪ್ರೋಟೀನುಗಳು ನರ ಮತ್ತು ಸ್ನಾಯುವಿನ ನಡುವಿನ ಸಂದೇಶವನ್ನು ತಡೆದು ಉಸಿರಾಟವನ್ನೇ ನಿಲ್ಲಿಸಬಲ್ಲವು. ಯಾವ ಹಾವಿನಲ್ಲಿ ಯಾವುದು ಎಷ್ಟಿದೆ ಎಂಬುದರ ಮೇಲೆ ಕಡಿತದ ಲಕ್ಷಣ ಬದಲಾಗುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ, ಈ ನಾಲ್ಕು ನಮ್ಮ ದೇಶದಲ್ಲಿ ಅತಿ ಹೆಚ್ಚು ಸಾವುನೋವಿಗೆ ಕಾರಣವಾದವು. ನಾಲ್ಕರ ವಿಷವೂ ಬೇರೆ ಬೇರೆ.

ಆಕಾರವೇ ಎಲ್ಲ

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳನ್ನು ಪೋಣಿಸಿದ ಸರ. ಆ ಸರ ಮಡಚಿ ಸುತ್ತಿಕೊಂಡು ಒಂದು ನಿರ್ದಿಷ್ಟ ಆಕಾರ ಪಡೆದಾಗ ಮಾತ್ರ ಅದು ಕೆಲಸ ಮಾಡುತ್ತದೆ. ವಿಷದ ಫಾಸ್ಫೊಲೈಪೇಸ್ ಎ2 ಸಣ್ಣ ಪ್ರೋಟೀನು. ಅದರಲ್ಲಿರುವುದು ಸುಮಾರು 120 ಅಮೈನೊ ಆಮ್ಲಗಳು. ಗಂಧಕದ ಪರಮಾಣುಗಳ ಏಳು ಸೇತುವೆಗಳು ಅದನ್ನು ಬಿಗಿಯಾಗಿ ಹೊಲಿದಿರುತ್ತವೆ. ಒಳಗೊಂದು ಸಂದು. ಆ ಸಂದಿನಲ್ಲಿ 48ನೆಯ ಸ್ಥಾನದ ಹಿಸ್ಟಿಡಿನ್, 49ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲ ಮತ್ತು ಒಂದು ಕ್ಯಾಲ್ಸಿಯಂ ಅಯಾನು ಸೇರಿ ಕತ್ತರಿಸುವ ಕೆಲಸ ಮಾಡುತ್ತವೆ.

ರಾಗಿ ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಅದರ ಬಾಯಿಗೆ ಕಾಳು ಹಾಕಿದರೆ ಹಿಟ್ಟು ಬರುತ್ತದೆ. ಬಾಯಿಗೆ ಸರಿಯಾಗಿ ಕೂರುವ ಕಲ್ಲೊಂದನ್ನು ಸಿಕ್ಕಿಸಿಬಿಟ್ಟರೆ ಕಾಳು ಒಳಕ್ಕೆ ಇಳಿಯುವುದೇ ಇಲ್ಲ. ಕಿಣ್ವದ ಸಂದಿಗೆ ಹೀಗೆ ಸಿಕ್ಕಿಕೊಂಡು ಕೆಲಸ ನಿಲ್ಲಿಸುವ ಅಣುವನ್ನು ಕಿಣ್ವ ಪ್ರತಿಬಂಧಕ ಎನ್ನುತ್ತಾರೆ. ರಕ್ತದೊತ್ತಡದ ಮಾತ್ರೆಗಳಲ್ಲಿ ಎಷ್ಟೋ ಈ ಬಗೆಯವೇ. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆಯ ಮೂಲವಂತೂ ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ವಿಷದಲ್ಲಿ ಸಿಕ್ಕ ಪ್ರತಿಬಂಧಕ. ವಿಷದ ಕಿಣ್ವಗಳಿಗೂ ಇಂಥದ್ದೊಂದು ‘ಕಲ್ಲು’ ಸಿಕ್ಕೀತೇ ಎಂಬುದು ನಮ್ಮ ವಿಜ್ಞಾನಿಗಳ ಪ್ರಶ್ನೆ.

ಮಾನಸಗಂಗೋತ್ರಿಯ ಹುಡುಕಾಟ

ಈ ಪ್ರಶ್ನೆಯ ಬೆನ್ನುಹತ್ತಿದವರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದ ಟಿ. ವೀರಬಸಪ್ಪ ಗೌಡರು ಪ್ರಮುಖರು. ಅವರ ಪ್ರಯೋಗಾಲಯದ ಕ್ರಮ ಹೀಗಿತ್ತು: ಮೊದಲು ವಿಷದ ಮಿಶ್ರಣದಿಂದ ಒಂದೊಂದೇ ಪ್ರೋಟೀನನ್ನು ಬೇರ್ಪಡಿಸಿ ಶುದ್ಧ ಮಾಡುವುದು, ಅದು ಯಾವ ಹಾನಿ ಮಾಡುತ್ತದೆ ಎಂದು ನೋಡುವುದು, ಆಮೇಲೆ ಅದನ್ನು ತಡೆಯುವ ವಸ್ತು ಹುಡುಕುವುದು. ಹುಡುಕಾಟಕ್ಕೆ ಅವರು ಆರಿಸಿಕೊಂಡದ್ದು ಬಹುಪಾಲು ನಾಟಿ ವೈದ್ಯರು ಬಳಸುತ್ತಿದ್ದ ಗಿಡಗಳನ್ನೇ.

1982ರಲ್ಲಿ ಆರ್. ಮಂಜುನಾಥ ಕಿಣಿ ಮತ್ತು ಗೌಡರು ನಾಗರಹಾವಿನ ವಿಷದಿಂದ ಒಂದು ಕಿಣ್ವವನ್ನು ಶುದ್ಧಗೊಳಿಸಿ, ಮಧುನಾಶಿನಿ ಎಲೆಯ ಜಿಮ್ನೆಮಿಕ್ ಆಮ್ಲದ ಲವಣ ಅದನ್ನು ತಡೆಯುತ್ತದೆ ಎಂದು ವರದಿ ಮಾಡಿದರು. ಮಧುನಾಶಿನಿ ಎಂದರೆ, ಎಲೆ ಜಗಿದರೆ ಸಕ್ಕರೆಯೂ ಸಪ್ಪೆಯಾಗುವ ಅದೇ ಬಳ್ಳಿ. ಕಿಣಿಯವರು ಮುಂದೆ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ನೆಲೆಸಿ, ಹಾವಿನ ವಿಷದ ಪ್ರೋಟೀನುಗಳ ಅಧ್ಯಯನದಲ್ಲಿ ಜಗತ್ತೇ ಗುರುತಿಸುವ ಹೆಸರಾದರು. ಫಾಸ್ಫೊಲೈಪೇಸ್ ಎ2 ಕುಟುಂಬದ ಎಲ್ಲ ಪ್ರೋಟೀನುಗಳ ಆಕಾರ ಹೆಚ್ಚುಕಡಿಮೆ ಒಂದೇ. ಹಾಗಿದ್ದೂ ಒಂದು ನರವನ್ನು, ಇನ್ನೊಂದು ಸ್ನಾಯುವನ್ನು, ಮತ್ತೊಂದು ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುವುದು ಹೇಗೆ? ಈ ಒಗಟಿಗೆ ಅವರು 1989ರಲ್ಲಿ ಸಹೋದ್ಯೋಗಿಯೊಡನೆ ಒಂದು ವಿವರಣೆ ಕೊಟ್ಟರು. ಕತ್ತರಿಸುವ ಸಂದಿನಿಂದ ಬೇರೆಯಾಗಿ ಪ್ರೋಟೀನಿನ ಮೈಮೇಲೆ ‘ಗುರಿ ಹಿಡಿಯುವ’ ಜಾಗವೊಂದಿದೆ. ಅದು ಎಲ್ಲಿ ಅಂಟಿಕೊಳ್ಳುತ್ತದೋ ಹಾನಿ ಅಲ್ಲಿ ಆಗುತ್ತದೆ ಎಂಬುದು ಅದರ ತಿರುಳು. ಕತ್ತರಿಸುವ ಸಂದನ್ನು ಮುಚ್ಚಿದ ಮಾತ್ರಕ್ಕೆ ವಿಷದ ಎಲ್ಲ ಪರಿಣಾಮವೂ ನಿಲ್ಲಬೇಕೆಂದಿಲ್ಲ ಎಂಬ ಎಚ್ಚರಿಕೆಯೂ ಇದರಲ್ಲಿದೆ.

2002ರಲ್ಲಿ ಗೌಡರ ಪ್ರಯೋಗಾಲಯ ಅಶ್ವಗಂಧದಿಂದ ಇನ್ನೊಂದು ಪ್ರತಿಬಂಧಕವನ್ನು ಹೊರತೆಗೆಯಿತು. ಅದು ಸಕ್ಕರೆ ಅಣುಗಳು ಬೆಸೆದುಕೊಂಡ ಒಂದು ಪ್ರೋಟೀನು. ನಾಗರಹಾವಿನ ವಿಷದ ಫಾಸ್ಫೊಲೈಪೇಸನ್ನು ಅದು ತಡೆಯುತ್ತಿತ್ತು.

ಈಶ್ವರಿ ಬೇರಿನ ಪಾಠ

ಈ ಸಾಲಿನಲ್ಲಿ ಹೆಚ್ಚು ಕಲಿಸುವುದು ಈಶ್ವರಿ ಬಳ್ಳಿಯ ಕಥೆ. ಇದರ ಬೇರು ಹಾವಿನ ವಿಷಕ್ಕೆ ಮದ್ದು ಎಂಬ ನಂಬಿಕೆ ದಕ್ಷಿಣ ಭಾರತದಲ್ಲೆಲ್ಲ ಹಳೆಯದು. ಈ ಜಾತಿಯ ಬಳ್ಳಿಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಎಂಬ ರಾಸಾಯನಿಕವಿದೆ. 1987ರಲ್ಲಿ ಬಿ. ಎಸ್. ವಿಶ್ವನಾಥ್ ಮತ್ತು ವೀರಬಸಪ್ಪ ಗೌಡರು ಈ ಆಮ್ಲ ಕೊಳಕುಮಂಡಲದ ಫಾಸ್ಫೊಲೈಪೇಸ್ ಎ2 ಜೊತೆ ಹೇಗೆ ವರ್ತಿಸುತ್ತದೆ ಎಂದು ಪರೀಕ್ಷಿಸಿದರು. ಆಮ್ಲವು ಕಿಣ್ವವನ್ನು ತಡೆಯಿತು. ಆ ಕಿಣ್ವದಿಂದ ಪ್ರಾಣಿಗಳಲ್ಲಿ ಬರುವ ಊತವೂ ತಗ್ಗಿತು.

ಹದಿನೈದು ವರ್ಷಗಳ ನಂತರ, 2002ರಲ್ಲಿ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಟಿ. ಪಿ. ಸಿಂಗ್ ಅವರ ತಂಡ ಇದೇ ಜೋಡಿಯನ್ನು ಹರಳಾಗಿಸಿ, ಎಕ್ಸ್-ಕಿರಣ ಹಾಯಿಸಿ ಅದರ ರಚನೆಯನ್ನು ಬಿಡಿಸಿತು. ರಚನೆಯ ಸ್ಪಷ್ಟತೆ 1.7 ಆಂಗ್‌ಸ್ಟ್ರಾಂ. ಒಂದು ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಅರಿಸ್ಟೊಲೋಕಿಕ್ ಆಮ್ಲ ಕಿಣ್ವದ ಸಂದಿನೊಳಗೇ ಹೋಗಿ ಕೂತಿರುವುದು ಆ ಚಿತ್ರದಲ್ಲಿ ಕಾಣಿಸಿತು. ಬೀಸುಕಲ್ಲಿನ ಬಾಯಿಗೆ ಕಲ್ಲು ಸಿಕ್ಕಿಕೊಂಡದ್ದನ್ನು ಕಣ್ಣಾರೆ ನೋಡಿದ ಹಾಗಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಎಂದು ಸಂತೋಷಪಡಬಹುದಿತ್ತು. ಆದರೆ ಇದೇ ಅಣುವಿಗೆ ಇನ್ನೊಂದು ಮುಖವಿದೆ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂ ದೇಶದಲ್ಲಿ ತೂಕ ಇಳಿಸಲು ಗಿಡಮೂಲಿಕೆಯ ಪುಡಿ ತೆಗೆದುಕೊಂಡ ಮಹಿಳೆಯರ ಮೂತ್ರಪಿಂಡಗಳು ಒಬ್ಬರಾದ ಮೇಲೊಬ್ಬರಂತೆ ಕೆಟ್ಟುಹೋದವು. ಹುಡುಕಿದಾಗ ಸಿಕ್ಕಿದ್ದು ಈಶ್ವರಿ ಬಳ್ಳಿಯ ಕುಲಕ್ಕೇ ಸೇರಿದ ಒಂದು ಗಿಡ. ಅವರಲ್ಲಿ ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಕಾಣಿಸಿತು. ಈ ಆಮ್ಲ ನಮ್ಮ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಂದು ಅರಿಸ್ಟೊಲೋಕಿಕ್ ಆಮ್ಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಕೊಳಕುಮಂಡಲ ಕಚ್ಚಿದವರಿಗೆ ಇದು ದುಪ್ಪಟ್ಟು ಅಪಾಯ. ಆ ಹಾವಿನ ವಿಷವೇ ಮೂತ್ರಪಿಂಡವನ್ನು ಕೆಡಿಸುತ್ತದೆ. ಎಷ್ಟೋ ರೋಗಿಗಳಿಗೆ ಡಯಾಲಿಸಿಸ್ ಬೇಕಾಗುತ್ತದೆ. ಅಂಥವರಿಗೆ ಮೂತ್ರಪಿಂಡಕ್ಕೆ ವಿಷವಾದ ಬೇರನ್ನೇ ಅರೆದು ಕುಡಿಸಿದರೆ ಗತಿಯೇನು? ಕಿಣ್ವವನ್ನು ತಡೆಯುವುದು ಒಂದು ಗುಣ, ಔಷಧವಾಗುವುದು ಇನ್ನೊಂದು ಗುಣ. ಮೊದಲನೆಯದು ಇದ್ದರೆ ಎರಡನೆಯದು ತಾನಾಗಿ ಬರುವುದಿಲ್ಲ.

ಹುಣಸೆ ಬೀಜದಿಂದ ಬಿಳಿ ರಕ್ತಕಣದ ಬಲೆಯವರೆಗೆ

ಮೈಸೂರಿನ ಇದೇ ವಿಭಾಗದಲ್ಲಿ ಕೆ. ಕೆಂಪರಾಜು ಮತ್ತು ಕೆ. ಎಸ್. ಗಿರೀಶ್ ಅವರ ಗಮನ ಹೋದದ್ದು ವಿಷ ಹರಡಲು ದಾರಿ ಬಿಡಿಸುವ ಹಯಲುರೊನಿಡೇಸ್ ಕಡೆಗೆ. ಈ ಕಿಣ್ವ ತಾನಾಗಿ ಕೊಲ್ಲುವುದಿಲ್ಲವಾದ್ದರಿಂದ ಅದಕ್ಕೆ ಹೆಚ್ಚು ಮಹತ್ವ ಸಿಕ್ಕಿರಲಿಲ್ಲ. 2004ರಲ್ಲಿ ತಂಡ ನಾಗರಹಾವಿನ ವಿಷದಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿತು. ಜೊತೆಗಿರುವ ಬೇರೆ ವಿಷಪ್ರೋಟೀನುಗಳ ಹಾನಿಯನ್ನು ಅದು ಹೆಚ್ಚಿಸುತ್ತದೆ ಎಂದು ತಂಡ ತೋರಿಸಿತು. ಬಾಗಿಲು ಒಡೆಯುವವನು ತಾನು ಕಳವು ಮಾಡದಿದ್ದರೂ ಕಳ್ಳರಿಗೆ ಅವನೇ ಆಧಾರ, ಅಲ್ಲವೇ?

ಅದೇ ವರ್ಷ ನಾಚಿಕೆಮುಳ್ಳಿನ ಬೇರಿನ ಸಾರ ಈ ಕಿಣ್ವವನ್ನು ತಡೆಯುತ್ತದೆ ಎಂಬ ವರದಿಯೂ ಬಂತು. 2006ರಲ್ಲಿ ಹುಣಸೆ ಬೀಜದ ಸರದಿ. ತುಮಕೂರಿನವರಿಗೆ ಹುಣಸೆಯನ್ನು ಪರಿಚಯಿಸಬೇಕಿಲ್ಲ. ಇಲ್ಲಿನ ಎಪಿಎಂಸಿಯ ಹುಣಸೆ ಮಾರುಕಟ್ಟೆ ಹೆಸರಾದದ್ದು. ಬೀಜದ ಸಾರ ಕೊಳಕುಮಂಡಲದ ವಿಷದ ಐದು ಬಗೆಯ ಕಿಣ್ವಗಳನ್ನು ತಡೆಯಿತು. ವಿಷಕ್ಕೆ ಮೊದಲೇ ಬೆರೆಸಿಟ್ಟು ಇಲಿಗಳಿಗೆ ಚುಚ್ಚಿದಾಗ ಊತ ಮತ್ತು ರಕ್ತಸ್ರಾವ ತಗ್ಗಿದವು. ವಿಷ ಚುಚ್ಚಿ ಹತ್ತು ನಿಮಿಷದ ಮೇಲೆ ಸಾರ ಕೊಟ್ಟಾಗಲೂ ರಕ್ಷಣೆ ಕಂಡಿತು ಎಂದು ವರದಿ ಹೇಳುತ್ತದೆ. ಹುಣಸೆ ಬೀಜದ ವಕೀಲರು ಎತ್ತಿ ಹಿಡಿಯುವುದು ಇಂಥ ಫಲಿತಾಂಶವನ್ನೇ. ಅದರ ಮಿತಿಗೆ ಈಗಲೇ ಬರೋಣ.

ಗಿರೀಶ್ ಮುಂದೆ ತುಮಕೂರು ವಿಶ್ವವಿದ್ಯಾನಿಲಯದ ಜೀವರಸಾಯನ ಅಧ್ಯಯನ ವಿಭಾಗಕ್ಕೆ ಬಂದರು. 2004ರಲ್ಲಿ ಶುರುವಾದ ಈ ವಿಶ್ವವಿದ್ಯಾನಿಲಯ ಮತ್ತು ಮೈಸೂರು ಸೇರಿ ನಡೆಸಿದ ಒಂದು ಅಧ್ಯಯನ 2016ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಶ್ನೆ ಇದು: ಗರಗಸ ಮಂಡಲ ಕಚ್ಚಿದ ಜಾಗ ಏಕೆ ಕೊಳೆಯುತ್ತಾ ಹೋಗುತ್ತದೆ?

ನಮ್ಮ ರಕ್ತದಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳಿವೆ. ರೋಗಾಣು ನುಗ್ಗಿದಾಗ ಅವು ತಮ್ಮೊಳಗಿನ ಡಿಎನ್‌ಎ ಎಳೆಗಳನ್ನೇ ಹೊರಗೆ ಚೆಲ್ಲಿ, ಮೀನಿನ ಬಲೆ ಬೀಸಿದಂತೆ ಅದನ್ನು ಹಿಡಿಯುತ್ತವೆ. ಗರಗಸ ಮಂಡಲದ ವಿಷ ಬಿದ್ದಾಗಲೂ ಅವು ಹೀಗೇ ಬಲೆ ಬೀಸುತ್ತವೆ ಎಂದು ಈ ತಂಡ ಕಂಡುಕೊಂಡಿತು. ಆದರೆ ಕಾಪಾಡಲು ಬೀಸಿದ ಬಲೆ ಇಲ್ಲಿ ತಿರುಗುಬಾಣವಾಗುತ್ತದೆ. ಅದು ರಕ್ತನಾಳಗಳನ್ನು ಕಟ್ಟಿಹಾಕುತ್ತದೆ, ವಿಷವನ್ನು ಕಚ್ಚಿದ ಜಾಗದಲ್ಲೇ ಹಿಡಿದಿಡುತ್ತದೆ. ವಿಷ ನಿಂತಲ್ಲೇ ನಿಂತು ಮಾಂಸವನ್ನು ತಿನ್ನುತ್ತದೆ. ಡಿಎನ್‌ಎ ಎಳೆಗಳನ್ನು ಕತ್ತರಿಸುವ ಕಿಣ್ವವನ್ನು ವಿಷದ ಜೊತೆಗೇ ಇಲಿಗಳ ಬಾಲಕ್ಕೆ ಚುಚ್ಚಿದಾಗ ಬಲೆ ಕಟ್ಟಲಿಲ್ಲ, ಬಾಲ ಉಳಿಯಿತು.

ಈ ಅಧ್ಯಯನ ಹಳ್ಳಿಯ ಒಂದು ದೊಡ್ಡ ತಪ್ಪು ತಿಳಿವಳಿಕೆಗೂ ಬೆಳಕು ಹಾಯಿಸುತ್ತದೆ. ‘ವಿಷ ಮೇಲಕ್ಕೆ ಏರದಂತೆ ಬಿಗಿಯಾಗಿ ಹಗ್ಗ ಕಟ್ಟಬೇಕು’ ಎನ್ನುತ್ತಾರಲ್ಲ, ಮಂಡಲದ ಹಾವಿನ ಕಡಿತದಲ್ಲಿ ಹಾಗೆ ಮಾಡಿದರೆ ರಕ್ತವೂ ಹರಿಯದೆ, ವಿಷವೂ ಅಲ್ಲೇ ನಿಂತು, ಕೈಕಾಲು ಕೊಳೆಯುವ ಸಂಭವ ಹೆಚ್ಚುತ್ತದೆ. ವೈದ್ಯರು ಬಹಳ ಹಿಂದಿನಿಂದಲೂ ಹಗ್ಗ ಬೇಡ ಎನ್ನುತ್ತಿದ್ದಾರೆ.

ಹಾಗಿದ್ದರೆ ಈ ಸಾರಗಳು ಮದ್ದು ಏಕಲ್ಲ?

ಮೊದಲನೆಯ ಕಾರಣ ಸಮಯ. ಇಂಥ ಪ್ರಯೋಗಗಳಲ್ಲಿ ಬಹುಪಾಲು ವಿಷ ಮತ್ತು ಗಿಡದ ಸಾರವನ್ನು ಮೊದಲೇ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಪರೀಕ್ಷಿಸುತ್ತಾರೆ. ಪ್ರತಿಬಂಧಕ ಇದೆಯೇ ಎಂದು ತಿಳಿಯಲು ಅದು ಸರಿಯಾದ ವಿಧಾನವೇ. ಆದರೆ ಹಾವು ಬೇರಿನ ರಸ ಬೆರೆಸಿಕೊಂಡು ಕಚ್ಚುವುದಿಲ್ಲ. ಹತ್ತು ನಿಮಿಷದ ಅಂತರದ ಪ್ರಯೋಗವೂ ಇಲಿಯ ಮೇಲೆ, ಅಳತೆ ಮಾಡಿದ ವಿಷಕ್ಕೆ ಅಳತೆ ಮಾಡಿದ ಸಾರ ಕೊಟ್ಟು ನಡೆಸಿದ್ದು. ಹೊಲದಲ್ಲಿ ಕಚ್ಚಿಸಿಕೊಂಡವರಿಗೆ ಮದ್ದು ಸಿಗುವ ಹೊತ್ತಿಗೆ ಗಂಟೆಯೇ ಕಳೆದಿರಬಹುದು.

ಎರಡನೆಯದು ಟ್ಯಾನಿನ್. ಹುಣಸೆ ಬೀಜದ ಸಿಪ್ಪೆಯಂಥ ಒಗರು ವಸ್ತುಗಳಲ್ಲಿ ಟ್ಯಾನಿನ್ ಹೇರಳ. ಎಳೆ ಅಡಿಕೆ ಜಗಿದಾಗ ನಾಲಗೆ ಒರಟಾಗುವುದು ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುವುದರಿಂದ. ಕೊಳವೆಯಲ್ಲಿ ಅದು ವಿಷದ ಪ್ರೋಟೀನಿಗೂ ಹೀಗೇ ಅಂಟಿಕೊಳ್ಳುತ್ತದೆ. ದೇಹದೊಳಗೆ ಸುತ್ತಲೂ ನಮ್ಮದೇ ಪ್ರೋಟೀನುಗಳ ಸಮುದ್ರವಿದೆ. ಅಲ್ಲಿ ಅದು ವಿಷವನ್ನೇ ಆರಿಸಿಕೊಂಡು ಹಿಡಿಯುತ್ತದೆ ಎಂಬ ಭರವಸೆ ಇಲ್ಲ. ಗಾಯದ ಮೇಲೆ ಅಂಟಿಸಿದ ಬೀಜವಂತೂ ಹಲ್ಲಿನ ಆಳಕ್ಕೆ ಇಳಿದು ರಕ್ತ ಸೇರಿದ ವಿಷವನ್ನು ಹೀರಲಾರದು.

ಮೂರನೆಯದು ದಾರಿ ಮತ್ತು ಪ್ರಮಾಣ. ಕುಡಿಸಿದ ಕಷಾಯ ಹೊಟ್ಟೆ, ಕರುಳು, ಯಕೃತ್ತು ದಾಟಿ ರಕ್ತ ಸೇರಬೇಕು. ಅಶ್ವಗಂಧದ ಪ್ರತಿಬಂಧಕದಂಥ ಪ್ರೋಟೀನನ್ನು ಹೊಟ್ಟೆ ಜೀರ್ಣ ಮಾಡಿಬಿಡುತ್ತದೆ.

ನಾಲ್ಕನೆಯದು, ವಿಷ ಹಲವು, ಮದ್ದು ಒಂದು. ಫಾಸ್ಫೊಲೈಪೇಸ್ ನಿಂತರೂ ನಾಗರಹಾವಿನ ನರವಿಷ ತನ್ನ ಕೆಲಸ ಮುಂದುವರಿಸುತ್ತದೆ.

ಕೊನೆಯದು, ‘ನಮ್ಮೂರಿನ ವೈದ್ಯರ ಕೈಯಲ್ಲಿ ಎಷ್ಟೋ ಜನ ಬದುಕಿದ್ದಾರಲ್ಲ?’ ಎಂಬ ಪ್ರಶ್ನೆ. ಬದುಕಿರುವುದು ನಿಜವೇ. ಭಾರತದಲ್ಲಿ ಸುಮಾರು 300 ಜಾತಿಯ ಹಾವುಗಳಿವೆ. ಅವುಗಳಲ್ಲಿ ವಿಷದವು 60ರಷ್ಟು. ಕೇರೆಹಾವು, ನೀರುಹಾವು ಕಚ್ಚಿದವರು ಏನೂ ಮಾಡದಿದ್ದರೂ ಬದುಕುತ್ತಾರೆ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಬರೀ ಹಲ್ಲು ಊರುತ್ತದೆ. ಇವರೆಲ್ಲ ವೈದ್ಯರ ಲೆಕ್ಕಕ್ಕೆ ಸೇರುತ್ತಾರೆ. ಉಳಿಯದವರಿಗೆ ‘ತಡವಾಗಿ ಕರೆತಂದಿರಿ’ ಎಂಬ ಸಮಾಧಾನ ಸಿಗುತ್ತದೆ.

ಆಸ್ಪತ್ರೆಯ ಮದ್ದು ಹೇಗೆ ಕೆಲಸ ಮಾಡುತ್ತದೆ?

ಕುಣಿಗಲ್ ಎಂದಾಗ ಕುದುರೆ ಫಾರಂ ನೆನಪಾಗುತ್ತದೆ. ಅಲ್ಲಿನವು ಓಟದ ಕುದುರೆಗಳು. ನಮ್ಮ ಕಥೆಯವು ಬೇರೆ. ಹಾವಿನ ವಿಷವನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕುದುರೆಗೆ ಚುಚ್ಚುತ್ತಾ ಹೋದರೆ ಅದರ ರಕ್ತದಲ್ಲಿ ವಿಷದ ಒಂದೊಂದು ಪ್ರೋಟೀನನ್ನೂ ಗುರುತಿಸಿ ಹಿಡಿಯುವ ಪ್ರತಿಕಾಯಗಳು ಹುಟ್ಟುತ್ತವೆ. ಅವನ್ನು ಶುದ್ಧ ಮಾಡಿದರೆ ಎಎಸ್‌ವಿ ಎಂದು ಕರೆಯುವ ಪ್ರತಿವಿಷ ಸಿಗುತ್ತದೆ. ಇದನ್ನು ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ಮೊದಲಿಗೆ ಬಳಕೆಗೆ ತಂದವರು. ನಮ್ಮ ದೇಶದ ಪ್ರತಿವಿಷ ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೂ ಒಟ್ಟಿಗೇ ತಯಾರಾದದ್ದು. ಅದಕ್ಕೆ ಬೇಕಾದ ವಿಷದ ಬಹುಭಾಗ ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ ಬರುತ್ತದೆ.

ಇದಕ್ಕೂ ಮಿತಿಗಳಿವೆ. ಪ್ರತಿಕಾಯ ದೊಡ್ಡ ಅಣು. ರಕ್ತದಲ್ಲಿರುವ ವಿಷವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಕಚ್ಚಿದ ಜಾಗದ ಅಂಗಾಂಶದೊಳಕ್ಕೆ ನಿಧಾನವಾಗಿ ನುಸುಳುತ್ತದೆ. ಅಷ್ಟರಲ್ಲಿ ಅಲ್ಲಿ ಹಾನಿ ಆಗಿಹೋಗಿರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ಆದ್ದರಿಂದ ಒಂದೇ ಪ್ರತಿವಿಷ ಎಲ್ಲ ಕಡೆಯೂ ಒಂದೇ ತೆರನಾಗಿ ಕೆಲಸ ಮಾಡದು. ಹಾಗಿದ್ದರೂ ವಿಷವೇರಿದವರ ಜೀವ ಉಳಿಸುತ್ತದೆ ಎಂದು ಆಸ್ಪತ್ರೆಗಳಲ್ಲಿ ದೃಢಪಟ್ಟಿರುವ ಮದ್ದು ಇದೊಂದೇ.

ಪ್ರತಿಬಂಧಕಗಳ ಸಂಶೋಧನೆಗೆ ಬೆಲೆ ಬರುವುದು ಈ ಮಿತಿ ಇರುವಲ್ಲಿಯೇ. ಪುಟ್ಟ ಅಣುಗಳು ಅಂಗಾಂಶದೊಳಕ್ಕೆ ಬೇಗ ನುಸುಳಬಲ್ಲವು, ಮಾತ್ರೆಯಾಗಿ ನುಂಗಲೂ ಬಹುದು. ಇವುಗಳಲ್ಲಿ ಮುಂದೆ ಬಂದಿರುವುದು ವರೆಸ್ಪ್ಲಾಡಿಬ್ ಎಂಬ ಸಂಶ್ಲೇಷಿತ ಅಣು. ಫಾಸ್ಫೊಲೈಪೇಸ್ ಎ2 ರಚನೆಯನ್ನು ನೋಡಿಕೊಂಡೇ ರೂಪಿಸಿದ್ದ ಇದನ್ನು ಬೇರೆ ಕಾಯಿಲೆಗಳಿಗೆಂದು ಪರೀಕ್ಷಿಸಿದ್ದರು. ಹಾವಿನ ವಿಷವನ್ನೂ ಇದು ತಡೆಯುತ್ತದೆ ಎಂದು 2016ರಲ್ಲಿ ವರದಿಯಾಯಿತು. ಅಮೆರಿಕ ಮತ್ತು ಭಾರತದ ಆಸ್ಪತ್ರೆಗಳಲ್ಲಿ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಒಟ್ಟಾರೆ ನೋಡಿದರೆ ಸ್ಪಷ್ಟ ಲಾಭ ಕಾಣಲಿಲ್ಲ. ಬೇಗ ಮದ್ದು ಸಿಕ್ಕವರಲ್ಲಿ ಮಾತ್ರ ಉಪಯೋಗದ ಸೂಚನೆ ಇತ್ತು. ರಚನೆ ತಿಳಿದು ತಯಾರಿಸಿದ ಅಣುವಿಗೇ ಇಷ್ಟು ಕಷ್ಟವಿರುವಾಗ ಪ್ರಮಾಣವೇ ಗೊತ್ತಿಲ್ಲದ ಕಷಾಯದ ಬಗ್ಗೆ ಹೇಳುವುದೇನು?

ಹಾವು ಕಚ್ಚಿದರೆ ಏನು ಮಾಡಬೇಕು?

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ, ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು, ಅದರಲ್ಲೂ ಆಸ್ಪತ್ರೆ ಮುಟ್ಟದವರು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಆದ್ದರಿಂದ ಇಷ್ಟು ನೆನಪಿಡಿ:

ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಓಡಿಸಬೇಡಿ. ಮೂಳೆ ಮುರಿದಾಗ ಮಾಡುವಂತೆ ಪಟ್ಟಿ ಇಟ್ಟು ಕೈ ಅಥವಾ ಕಾಲು ಅಲುಗಾಡದಂತೆ ನೋಡಿಕೊಳ್ಳಿ. ಉಂಗುರ, ಬಳೆ, ಕಾಲುಂಗುರ, ಗಡಿಯಾರ ತೆಗೆಯಿರಿ. ಊತ ಬಂದ ಮೇಲೆ ತೆಗೆಯಲಾಗುವುದಿಲ್ಲ.

ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಸುಡಬೇಡಿ, ಐಸ್ ಇಡಬೇಡಿ. ಕಷಾಯ ಕುಡಿಸಬೇಡಿ.

ಹಾವನ್ನು ಹಿಡಿಯಲು ಅಥವಾ ಕೊಲ್ಲಲು ಹೊತ್ತು ಕಳೆಯಬೇಡಿ. ಲಕ್ಷಣ ಮತ್ತು ರಕ್ತಪರೀಕ್ಷೆ ನೋಡಿ ವೈದ್ಯರು ಚಿಕಿತ್ಸೆ ಕೊಡುತ್ತಾರೆ. ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡುವ ಸರಳ ಪರೀಕ್ಷೆಯೇ ಮಂಡಲದ ವಿಷವನ್ನು ಪತ್ತೆ ಮಾಡುತ್ತದೆ.

108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ತಾಲ್ಲೂಕು ಇಲ್ಲವೇ ಜಿಲ್ಲಾ ಆಸ್ಪತ್ರೆಗೆ ಹೊರಡಿ. ಕಚ್ಚಿದ ಸಮಯ ಬರೆದಿಟ್ಟುಕೊಳ್ಳಿ. ಮಕ್ಕಳಿಗೂ ದೊಡ್ಡವರಷ್ಟೇ ಪ್ರತಿವಿಷ ಬೇಕು. ಹಾವು ಮಗು ಎಂದು ನೋಡಿ ಕಡಿಮೆ ವಿಷ ಬಿಡುವುದಿಲ್ಲ.

ನೋವಿಲ್ಲ ಎಂದು ಸುಮ್ಮನಿರಬೇಡಿ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದಾಗ ಗಾಯವೇ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆ ಜೋತುಬಿದ್ದು, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಈಶ್ವರಿ ಬೇರಿನ ಅಣು ಕಿಣ್ವದ ಸಂದಿನಲ್ಲಿ ಕೂರುತ್ತದೆ ಎಂದು ಕಂಡವರೂ ವಿಜ್ಞಾನಿಗಳೇ, ಅದು ಮೂತ್ರಪಿಂಡವನ್ನು ಕೊಲ್ಲುತ್ತದೆ ಎಂದು ಕಂಡವರೂ ವಿಜ್ಞಾನಿಗಳೇ. ಎರಡನ್ನೂ ಸೇರಿಸಿ ಓದಿದರೆ ಮಾತ್ರ ‘ವಿಜ್ಞಾನಿಗಳು ಹೇಳಿದ್ದಾರೆ’ ಎಂಬ ಮಾತಿಗೆ ಅರ್ಥ. ಮುಂದೆ ಒಂದು ದಿನ ನಾಟಿ ಗಿಡವೊಂದರ ಅಣು ಪರೀಕ್ಷೆಗಳನ್ನೆಲ್ಲ ಗೆದ್ದು ಮಾತ್ರೆಯಾಗಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಬಹುದು. ಅಲ್ಲಿಯವರೆಗೆ ಹಾವು ಕಚ್ಚಿದವರನ್ನು ಕರೆದೊಯ್ಯಬೇಕಾದ ದಾರಿ ಆಸ್ಪತ್ರೆಯದು.